ಅಯ್ಯನವರ ಗೆಣಸಿನ ವ್ರತ

ಕರಿಬಸಯ್ಯನವರ ಎಡಗಾಲಿನ ಹೆಬ್ಬೆರಳಿಗೆ ದಸರೆಯಲ್ಲಿ ಆದ ಗಾಯ ದೀಪಾವಳಿ ಕಳೆದರೂ ಮಾಯಲಿಲ್ಲ. ತುರ್ವಿಹಾಳದಿಂದ ನಿಜಾಮ ಸರ್ಕಾರದ ಮೋಟಾರು ಹತ್ತಿ ಲಿಂಗಸುಗೂರಿಗೆ ಹೋಗಿ ಹಕೀಮ ಅಮೀನ್‌ಸಾಬರಿಗೆ ತೋರಿಸಿದರು. ಹಕೀಮರು ಬೆರಳು ನೋಡಿದರು, ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತವೆಯೇ ಎಂದು ಕೇಳಿದರು, ಆಮೇಲೆ ಗಡ್ಡ ನೀವಿಕೊಂಡರು.

"ಸಕ್ಕರಿ ಬ್ಯಾನಿ ಅದ ಅಯ್ಯನೋರ. ಬೆಲ್ಲ, ಹುಗ್ಗಿ, ಹೋಳಿಗಿ, ಅನ್ನ ಎಲ್ಲಾ ಬಂದ್. ಬಾಯಿ ಸೀ ಕೇಳಿದ್ರ ಒಂದು ಸಣ್ಣ ಗೆಣಸು, ಬರೇ ನೀರಾಗ ಕುದಿಸಿ, ಸಿಪ್ಪಿ ಸಮೇತ. ಮಾತು ಕೇಳಲಿಲ್ಲಂದ್ರ ಮುಂದ ಕಾಲು ತಗೀಬೇಕಾದೀತು."

ಮಿಕ್ಕವರಿಗೆ ಸಿಹಿ ಬಿಡುವುದು ನಾಲಿಗೆಯ ಕಷ್ಟ. ಜಂಗಮರಾದ ಇವರಿಗೆ ಹೊಟ್ಟೆಪಾಡಿನ ಕಷ್ಟ. ಭಕ್ತರು ಮನೆಗೆ ಕರೆದು, ಪಾದ ತೊಳೆದು, ಸಿಹಿ ಉಣಿಸಿ, ಕಳಿಸುವಾಗ ಕೊಡುವ ಜೋಳದಿಂದಲೇ ಮನೆಯ ಒಲೆ ಉರಿಯಬೇಕು. ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ರೋಗಿಷ್ಠ ಅಯ್ಯನನ್ನು ಯಾರು ಕರೆದಾರು?

ಉಪಾಯ ಹೇಳಿದವಳು ಹೆಂಡತಿ ಕಸ್ತೂರೆಮ್ಮ. "ಗೆಣಸಿನ ವ್ರತ ಹಿಡಿದೀನಿ ಅನ್ರಿ. ವ್ರತ ಅಂದ್ರ ಯಾಕ ಅಂತ ಯಾರೂ ಕೇಳಂಗಿಲ್ಲ."

ಕಾರ್ತಿಕದ ಕಡೆಯ ಸೋಮವಾರ ಮೂರು ಮನೆಯಲ್ಲಿ ಕರೆದಿದ್ದರು. ಮೊದಲನೆಯದು ಹೊಲಮನೆ ಗಟ್ಟಿಯಾಗಿದ್ದ ವಿರೂಪಾಕ್ಷಪ್ಪನವರದು. ಅಯ್ಯನವರು ಗಾಯಕ್ಕೆ ಅರಿವೆ ಸುತ್ತಿಕೊಂಡು, ಮುಳ್ಳು ಮುರಿದಿದೆ ಎಂದು ಹೇಳಿ, ಬಲಗಾಲನ್ನಷ್ಟೇ ತೊಳೆಸಿಕೊಂಡರು. ವ್ರತದ ಮಾತನ್ನೂ ಹೇಳಿದರು. ವಿರೂಪಾಕ್ಷಪ್ಪನವರ ಹೆಂಡತಿ ಗದ್ದೆಮ್ಮ ಪಾದ ತೊಳೆದ ನೀರನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದವಳು, ಬೆಲ್ಲದ ಪಾಕದಲ್ಲಿ ಮುಳುಗಿ ಮಿರುಗುವ ಗೆಣಸಿನ ಹೋಳು ತಂದಿಟ್ಟಳು.

"ಅವ್ವಾ, ಬರೇ ನೀರಾಗ ಕುದಿಸಿದ್ದು ಸಾಕಿತ್ತು..."

"ನೀವು ದೊಡ್ಡವ್ರು, ಹಂಗ ಅಂತೀರಿ. ಅಯ್ಯನೋರಿಗೆ ಬರೇ ಗೆಣಸು ಇಕ್ಕಿದ್ರ ನಮ್ಮ ಮನಿತನದ ಮರ್ಯಾದಿ ಏನಾಗಬೇಕ್ರೀ?"

ಬೆಲ್ಲವಿಲ್ಲದೆ ಭಕ್ತಿ ಕುದಿಯುವುದಿಲ್ಲ ಎಂಬುದು ಅಯ್ಯನವರಿಗೆ ಹೊಳೆದೇ ಇರಲಿಲ್ಲ. ತಿಂದರು. ತಟ್ಟೆ ತೊಳೆದು ಪಾಕದ ನೀರನ್ನೂ ಕುಡಿದರು.

ಅವರು ಕುಂಟುತ್ತ ಕಿರಾಣಿ ಅಂಗಡಿಯ ಸೂಗಪ್ಪನ ಮನೆ ಮುಟ್ಟುವುದರೊಳಗೆ ಸುದ್ದಿ ಮುಂದೆ ಓಡಿತ್ತು. ಊರಿಗೆ ಒಳ್ಳೆಯದಾಗಲೆಂದು ಅಯ್ಯನವರು ವ್ರತ ಹಿಡಿದಿದ್ದಾರೆ, ಗೆಣಸು ಉಣಿಸಿದವರಿಗೆ ಪುಣ್ಯ! ಸೂಗಪ್ಪ ಗೆಣಸಿನ ಹೋಳಿಗೆಯ ಅಟ್ಟಿಯನ್ನೇ ತಂದ.

"ಬ್ಯಾಳಿ ಮುಟ್ಟಿಲ್ರೀ ಅಯ್ಯನೋರ. ಹೂರಣ ಪೂರಾ ಗೆಣಸು, ಬೆಲ್ಲ. ನಿಮ್ಮ ವ್ರತ ಕೆಡಂಗಿಲ್ಲ!"

"ಸಾಕಪ್ಪಾ, ಒಂದ ಸಾಕು."

"ಒಂದಕ್ಕ ಎದ್ರಂದ್ರ ನಾ ಏನು ತಪ್ಪು ಮಾಡೀನಿ ಅಂತ ತಿಳಕೋಬೇಕ್ರೀ?" ಎಂದು ಸೂಗಪ್ಪ ಅಡ್ಡಬಿದ್ದ. ಬಿದ್ದವನು ಎರಡನೆಯ ಹೋಳಿಗೆ ಮುಗಿಯುವ ತನಕ ಏಳಲಿಲ್ಲ. ಹೊರಗೆ ಬಂದಾಗ ಅಯ್ಯನವರಿಗೆ ನಾಲಿಗೆ ಒಣಗಿ ಕಣ್ಣು ಮಂಜಾಗಿತ್ತು. ಉಣಿಸಿದವರ ಮೇಲೆ ಸಿಟ್ಟು ಮಾಡಲೂ ಬಾರದು, ಅಷ್ಟು ಅಕ್ಕರೆ. ತಮ್ಮ ಕಾಲಿನ ಮೇಲೆಯೇ ಕನಿಕರಪಟ್ಟುಕೊಂಡು ನಡೆದರು.

ಮೂರನೆಯದು ಮುದುಕಿ ವೀರಭದ್ರಮ್ಮನ ಮನೆ. ಆಕೆ ಯಾವ ಮಾತೂ ಕೇಳದೆ ಎಡಗಾಲನ್ನು ಎಳೆದುಕೊಂಡು ಅರಿವೆ ಬಿಚ್ಚಿದಳು. ಬಗ್ಗಿ ಗಾಯ ನೋಡಿದಳು.

"ನಮ್ಮ ಯಜಮಾನ್ರಿಗೂ ಹಿಂಗ ಇತ್ತಪ್ಪಾ," ಎಂದಳು. "ಬೆರಳಿಂದ ಸುರುವಾತು. ಸಿಹಿ ಉಣಿಸಿ ಉಣಿಸಿ ನಾನ ಕಳಕೊಂಡೆ."

ನೀರಲ್ಲಿ ಬೇಯಿಸಿದ ಸಣ್ಣ ಗೆಣಸೊಂದನ್ನು ಸಿಪ್ಪೆ ಸಮೇತ ಇಟ್ಟಳು. ಬೆಲ್ಲವಿಲ್ಲ, ತುಪ್ಪವಿಲ್ಲ. ಬೆಳಗಿನಿಂದ ಇದಕ್ಕಾಗಿಯೇ ಬೇಡಿದ ಅಯ್ಯನವರು ಅದನ್ನು ಬಾಯಿಗಿಟ್ಟು ಅತ್ತೇಬಿಟ್ಟರು.

"ಯಾರ ಮುಂದೂ ಹೇಳಬ್ಯಾಡಬೇ ಯವ್ವಾ."

"ಹೇಳಿ ನಿಮಗ ಕೇಡು ಮಾಡ್ತೀನೇನಪ್ಪಾ?"

ಕೇಡು ಮಾಡುವ ಮನಸ್ಸು ಆಕೆಗೆ ಖಂಡಿತ ಇರಲಿಲ್ಲ. ಆ ಮನಸ್ಸಿದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದಳೇನೋ.

ಸಂಜೆ ವಿರೂಪಾಕ್ಷಪ್ಪನವರು ಆಳಿನ ತಲೆಯ ಮೇಲೆ ಒಂದು ಬುಟ್ಟಿ ಗೆಣಸು ಹೊರಿಸಿಕೊಂಡು ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಯಾಕ್ರೀ ಮುಚ್ಚಿಟ್ರಿ? ವೀರಭದ್ರಮ್ಮ ಅಯ್ಯನೋರಿಗೆ ಸಿಹಿ ಇಕ್ಕಬ್ಯಾಡ್ರಿ ಅಂತ ಅಳಕೊಂತ ಮನಿಮನಿಗೆ ಹೇಳ್ಯಾಳ. ತಿಳೀದ ವಿಷ ಉಣಿಸಿದಂಗ ಆತು. ಇನ್ನ ಉಣಾಕ ಬರೋ ತ್ರಾಸ ನಿಮಗ ಬ್ಯಾಡ. ಎಲ್ಲಾರೂ ಕೂಡಿ ಮಸ್ಕಿಯಿಂದ ಬ್ಯಾರೆ ಅಯ್ಯನೋರನ್ನ ಗೊತ್ತು ಮಾಡೀವಿ. ನೀವು ಆರಾಮ ಗೆಣಸು ತಿಂದು ಕಾಲು ಉಳಿಸಿಕೋರಿ."

ಪಾದ ಮುಟ್ಟದೆ, ನೋವಾದೀತೆಂದು ದೂರದಿಂದಲೇ ಕೈಮುಗಿದು ಹೋದರು.

ಕಸ್ತೂರೆಮ್ಮ ಒಲೆಯ ಮೇಲೆ ನೀರಿಟ್ಟಳು. ಬುಟ್ಟಿಯಿಂದ ಸಣ್ಣದೊಂದು ಗೆಣಸು ಆರಿಸುತ್ತ, "ಇನ್ನ ಪಥ್ಯಕ್ಕ ಏನೂ ಅಡ್ಡಿ ಇಲ್ಲ ಬಿಡ್ರಿ," ಎಂದಳು.

ಅಯ್ಯನವರು ಗೋಡೆಗೆ ಒರಗಿ ಕಾಲು ಚಾಚಿಕೊಂಡು ಅದನ್ನೇ ನೋಡುತ್ತ ಕೂತರು. ಕಾಲೇನೋ ಉಳಿಯಬಹುದಿತ್ತು. ಅದು ಹೋಗಿ ನಿಲ್ಲುವ ಬಾಗಿಲು ಮಾತ್ರ ಊರಲ್ಲಿ ಒಂದೂ ಉಳಿದಿರಲಿಲ್ಲ.