ಏಕಾದಶಿ ಮಾಡದ ಗೋಡೆ

ಸರಳವಾದ ಕೆಲಸವೊಂದು ನನ್ನ ಕೈಗೆ ಬಂದ ಮೇಲೂ ಸರಳವಾಗಿಯೇ ಉಳಿದದ್ದು ನನಗೆ ನೆನಪಿಲ್ಲ. ಸೇಡಂನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದೆ. ಬೋರ್ಡಿನ ಮೇಲೆ ಸರಿ ಬರುವ ಲೆಕ್ಕ ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ದಾರಿ ತಪ್ಪುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಪಡಸಾಲೆಯ ಗೋಡೆಗೆ ಕಾಗದ ಹಚ್ಚಲು ಹೋದಾಗಲೂ ಹಾಗೇ ಆಯಿತು.

ಕಾಗದದ ಹುಚ್ಚು ನನಗೆ ಚೆಂದಕ್ಕಾಗಿ ಹಿಡಿದದ್ದಲ್ಲ. ಅವ್ವ ಚಿತ್ತಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಳು. ನಮ್ಮಲ್ಲಿಗೆ ಬಂದರೆ ನಾಲ್ಕೇ ದಿನ, ಐದನೆಯ ದಿನ ಚೀಲ ಕಟ್ಟುತ್ತಿದ್ದಳು. ಯಾಕವ್ವಾ ಎಂದರೆ, "ನಿಮ್ಮ ಮನ್ಯಾಗ ಗ್ವಾಡಿಗೆ ಆತು ಕುಂತ್ರ ಸುಣ್ಣೆಲ್ಲಾ ಬೆನ್ನಿಗೆ ಬರ್ತದಪಾ. ದಿನಕ್ಕ ಎಷ್ಟು ಸಲ ಸೀರಿ ಝಾಡಿಸ್ಲಿ?" ಎನ್ನುತ್ತಿದ್ದಳು. ಮಾತು ಖರೆಯೇ. ಹಳೆಯ ಕಲ್ಲುಗೋಡೆ, ಎಷ್ಟು ಸುಣ್ಣ ಬಳಿದರೂ ಉದುರುತ್ತಿತ್ತು. ಆದರೆ ನನಗೆ ಅವ್ವ ಬೇಕಾಗಿದ್ದಳು. ನಲವತ್ತು ದಾಟಿದ ಗಂಡಸು ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಗೋಡೆಯ ಮಾತು ಆಡುತ್ತಿದ್ದೆ.

ಒಮ್ಮೆ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಅಧಿಕಾರಿಯೊಬ್ಬರ ಮನೆಗೆ ಹೋಗಿದ್ದೆ. ಗೋಡೆ ತುಂಬ ಹೂವಿನ ಕಾಗದ. ಬೇಕಂತಲೇ ಒರಗಿ ಕೂತು, ಹೊರಗೆ ಬಂದ ಮೇಲೆ ಅಂಗಿ ಬಿಚ್ಚಿ ಬೆನ್ನು ನೋಡಿಕೊಂಡೆ. ಒಂದು ಚೂರು ಸುಣ್ಣವಿರಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ.

೧. ಯಾರು ನಿಂತಾರ?

ಶಹಾಬಾದಿನ ಅಂಗಡಿಯೊಂದರಲ್ಲಿ ಗುಲಾಬಿ ಹೂವಿನ ಕಾಗದ ಸಿಕ್ಕಿತು. ಎಂಟು ಸುರುಳಿ ಕಟ್ಟಿಸಿಕೊಂಡೆ. ಹಚ್ಚುವ ಕ್ರಮದ ಚೀಟಿಯೊಂದನ್ನು ಕೊಟ್ಟು ಅಂಗಡಿಯವ, "ನೀವೇ ಹಚ್ರಿ, ಕಂಪನಿ ಮಂದಿ ಹಚ್ಚಿದಂಗ ಕಾಣ್ತದ. ಅಂಟಿಗೆ ಮೈದಾ ಗಂಜಿ ಸಾಕು" ಅಂದ. ವಾಡಿಯಲ್ಲಿ ಗಾಡಿ ಬದಲಿಸಿ ಸುರುಳಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಚಿತ್ತಾಪುರದಲ್ಲಿ ದಂಡೋತಿಯ ಮುದುಕರೊಬ್ಬರು ಹತ್ತಿ ಎದುರಿಗೆ ಕೂತರು.

"ಏನ್ರಿ ಮಾಸ್ತರ ಇದು?"

"ಗ್ವಾಡಿಗೆ ಹಚ್ಚೋ ಕಾಗದರಿ."

"ಯಾರು ನಿಂತಾರ?"

"ಯಾರೂ ನಿಂತಿಲ್ರಿ. ಬರೇ ಹೂವ ಅವ."

"ಯಾರೂ ನಿಂದರಲಾರದೇ ಇಷ್ಟ್ಯಾಕ ಹಚ್ಚಲಿಕತ್ತೀರಿ?"

ಅದು ಚುನಾವಣೆಯ ಕಾಲವೇನೂ ಅಲ್ಲ. ನಮ್ಮ ಮನೆಯ ಒಳಗಿನ ಗೋಡೆಗೆ ಎಂದು ಬಿಡಿಸಿ ಹೇಳಿದೆ. ಒಳಗಿನ ಗೋಡೆಗೆ ಹಚ್ಚಿದರೆ ಮಂದಿಗೆ ಹೇಗೆ ಕಾಣುತ್ತದೆ ಎಂದು ಅವರು ಕೇಳಿದರು. ಮಂದಿಗಲ್ಲ, ನಮ್ಮ ಅವ್ವನಿಗೆ ಎಂದೆ. ಮುದುಕರು ಬಹಳ ಹೊತ್ತು ಯೋಚನೆ ಮಾಡಿದರು. ಸೇಡಂನಲ್ಲಿ ನಾನು ಇಳಿಯುವಾಗ ಸುರುಳಿಯೊಂದನ್ನು ಎತ್ತಿ ಕೊಟ್ಟು, ಕೈ ಹಿಡಿದು ಅಂದರು: "ಚಿಂತಿ ಮಾಡಬ್ಯಾಡ್ರಿ. ನಿಮ್ಮ ಅವ್ವಾರು ನಿಂತ್ರ ನಮ್ಮ ಮನಿ ಓಟೆಲ್ಲಾ ಗುಲಾಬಿಗೇ."

೨. ಸೊಟ್ಟ ದಾರ

ಚೀಟಿಯಲ್ಲಿ ಮೊದಲನೆಯ ಸೂಚನೆ, ಗೋಡೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಿರಿ ಎಂದಿತ್ತು. ಓಣಿಯ ಗೌಂಡಿಯನ್ನು ಕರೆಸಿದೆ. ಅವನು ದಾರಕ್ಕೆ ಹಿತ್ತಾಳೆಯ ಗುಂಡು ಕಟ್ಟಿ ಸೂರಿನಿಂದ ಇಳಿಬಿಟ್ಟ. ಗುಂಡು ನಿಂತಿತು. ಗೋಡೆಯ ಮೂಲೆಗೂ ದಾರಕ್ಕೂ ಮೇಲೆ ಎರಡು ಬೆರಳು ಸಂದು, ಕೆಳಗೆ ಒಂದು ಗೇಣು.

"ಗ್ವಾಡಿ ಸೊಟ್ಟ ಅದಲ್ಲೋ" ಎಂದೆ.

ಗೌಂಡಿಯ ಮುಖ ಕೆಂಪಗಾಯಿತು. ಈ ಮನೆ ಕಟ್ಟಿದ್ದು ಅವನ ಅಪ್ಪ ಎಂಬುದು ನನಗೆ ಆಗಲೇ ಗೊತ್ತಾದದ್ದು.

"ನಮ್ಮಪ್ಪ ಕಟ್ಟಿದ್ದು ಸೊಟ್ಟ ಇರಂಗಿಲ್ರಿ ಸರ್. ಗಾಳಿ ಬಿಟ್ಟದ, ದಾರ ಸೊಟ್ಟ ಅದ."

ಕಿಟಕಿ ಮುಚ್ಚಿದೆ, ಫ್ಯಾನು ಆರಿಸಿದೆ, ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ದಾರ ಅಲ್ಲೇ ಇತ್ತು. ಭೂಮಿಯ ಸೆಳೆತದ ಬಗ್ಗೆ ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ಅವನು ತಲೆಯಾಡಿಸುತ್ತ ಪೂರ್ತಿ ಕೇಳಿದ. ಕೇಳಿ, ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಹೇಳಿದ: "ಅದೆಲ್ಲಾ ನಿಮ್ಮ ಶಾಳ್ಯಾಗ ಇರಬಹುದುರಿ. ಈ ಓಣ್ಯಾಗ ಗ್ವಾಡಿ ನೋಡಿ ಹಚ್ಚೋದೇ ಪದ್ಧತಿ."

೩. ಗಂಜಿ ಯಾರಿಗೆ?

ಕಾಗದ ಹಚ್ಚುವ ದಿನವೇ ಅವ್ವ ಚಿತ್ತಾಪುರದಿಂದ ಬಸ್ಸಿಗೆ ಬಂದಿಳಿದಳು. ಈ ಸಲ ಅವಳು ಇಲ್ಲೇ ಉಳಿಯುತ್ತಾಳೆ ಎಂದು ನಾನೂ ನನ್ನ ಹೆಂಡತಿಯೂ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆವು. ಒಲೆಯ ಮೇಲೆ ದೊಡ್ಡ ಬೋಗುಣಿಯಲ್ಲಿ ಮೈದಾ ಗಂಜಿ ಕುದಿಯುತ್ತಿತ್ತು. ನಾನು ಮೇಜಿನ ಮೇಲೆ ಸ್ಟೂಲು ಹಾಕಿ, ಅದರ ಮೇಲೆ ಹತ್ತಿ ನಿಂತು ಕೂಗಿದೆ. ಹೆಂಡತಿ ಸ್ಟೂಲು ಹಿಡಿಯಲು ಓಡಿ ಬರುತ್ತ, "ಅತ್ಯಾ, ಚೂರು ಸೌಟಾಡಸ್ರಿ, ತಳ ಹತ್ತೀತು" ಎಂದಳು.

ಸ್ವಲ್ಪ ಹೊತ್ತಿಗೆ ಅವ್ವನೇ ಬೋಗುಣಿ ಇಳಿಸಿ, ಸೆರಗಿನಲ್ಲಿ ಹಿಡಿದು ತಂದಳು. "ಯಾರಿಗೆ ಆರಾಮಿಲ್ಲ? ಇಷ್ಟು ಗಂಜಿ ಯಾರು ಕುಡೀತಾರ?" ಎಂದು ಕೇಳುತ್ತಿದ್ದಂತೆಯೇ ನಾನು ಕುಂಚ ಅದ್ದಿ ಗೋಡೆಗೆ ಎಳೆದೆ.

ಅವ್ವ ನಿಂತಲ್ಲೇ ನಿಂತಳು. "ಏ ಹುಚ್ಚಾ, ಅದು ಮುಸುರಿ ಅಲ್ಲೇನೋ!"

ನಮ್ಮಂಥ ಮನೆಗಳಲ್ಲಿ ಬೇಯಿಸಿದ ಅನ್ನ, ಬೇಯಿಸಿದ ಹಿಟ್ಟು ತಗುಲಿದ್ದೆಲ್ಲ ಮುಸುರೆ. ಅದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಪಾತ್ರೆಯನ್ನು ತೊಳೆಯಬಹುದು, ಕೈ ತೊಳೆಯಬಹುದು. ಗೋಡೆಯನ್ನು ತೊಳೆದರೆ ಕಾಗದ ಎಲ್ಲಿ ಉಳಿದೀತು? ನಾನು ಎತ್ತಿದ ಕುಂಚ ಎತ್ತಿದಂತೆಯೇ ಇತ್ತು. ಹೆಂಡತಿ ಕೆಳಗಿನಿಂದ ಕೇಳಿದಳು: "ಈಗ ನಾ ಸ್ಟೂಲು ಹಿಡೀಲ್ಯೋ, ಕೈ ತೊಳಕೊಳ್ಳಲ್ಯೋ?"

೪. ಉಂಡು ಕುಂತ ಗೋಡೆ

ಹೇಗೋ ಸಂಜೆಯೊಳಗೆ ಹಚ್ಚಿ ಮುಗಿಸಿದೆ. ಗುಲಾಬಿಗಳೆಲ್ಲ ಗೋಡೆಯ ಜೊತೆಗೇ ಚಿಂಚೋಳಿಯ ದಿಕ್ಕಿಗೆ ವಾಲಿದ್ದವು. ಬಂದವರೆಲ್ಲ ತಲೆ ಒಂದು ಕಡೆ ಓರೆ ಮಾಡಿ ಮಾತಾಡುತ್ತಿದ್ದರು. ಪೋಸ್ಟ್‌ಮನ್ ಕೂಡ ಬಾಗಿಲಲ್ಲಿ ಓರೆಯಾಗಿ ನಿಂತು ಪತ್ರ ಕೊಟ್ಟು, ಓರೆಯಾಗಿಯೇ ಹೋದ. ಅದನ್ನೆಲ್ಲ ಸಹಿಸಬಹುದಿತ್ತು.

ಸಹಿಸಲಾಗದ್ದು ಅವ್ವನ ನಡಿಗೆ. ನಾಲ್ಕೂ ಗೋಡೆಯಿಂದ ಸಮ ದೂರ ಇಟ್ಟುಕೊಂಡು ಪಡಸಾಲೆಯ ನಟ್ಟನಡುವೆ ನಡೆಯುತ್ತಿದ್ದಳು. ಜಪಕ್ಕೆ ಕೂತರೂ ನಡುವೆ, ಮಲಗಿದರೂ ನಡುವೆ. ಒರಗಿ ಕೂಡಲಿ ಎಂದು ಮಾಡಿಸಿದ ಗೋಡೆ ಅದು, ಅವಳಿಗೆ ಮುಟ್ಟಲೂ ಬರುತ್ತಿರಲಿಲ್ಲ. ನನಗೆ ಅಳುವಷ್ಟು ಬೇಜಾರಾಗಿತ್ತು.

ಇದರ ಮೇಲೆ ಪಕ್ಕದ ಮನೆಯ ಆಡು ಬೇರೆ. ಬಾಗಿಲು ತೆರೆದದ್ದೇ ತಡ, ಒಳಗೆ ನುಗ್ಗಿ ಗೋಡೆಯ ಬುಡ ನೆಕ್ಕುತ್ತಿತ್ತು. ಆಡಿನ ಒಡತಿ ನನ್ನನ್ನೇ ಗದರಿಸಿದಳು: "ಏನು ಹಾಕೀರಿ ಸರ್ ಗ್ವಾಡಿಗೆ? ನಮ್ಮ ಆಡು ಮೇವಿಗೆ ಬಾಯಿ ಹಚ್ಚವಲ್ದು!" ಮೈದಾದಲ್ಲಿ ಆಡಿಗೆ ಅಂಥ ರುಚಿ ಏನು ಸಿಕ್ಕಿತೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಏಕಾದಶಿ ಬಂತು. ಅವತ್ತು ನಮ್ಮಲ್ಲಿ ಎಲ್ಲರಿಗೂ ಉಪವಾಸ, ಒಲೆ ಹೊತ್ತಿಸುವುದಿಲ್ಲ. ಅವ್ವ ಪಡಸಾಲೆಯ ನಡುವೆ ಕೂತು ನಾಲ್ಕೂ ಗೋಡೆಯನ್ನು ಒಮ್ಮೆ ನೋಡಿದಳು, ನಿಟ್ಟುಸಿರು ಬಿಟ್ಟಳು. "ನಾ ನಾಳಿಗೆ ಪಾರಣಿ ಮುಗಿಸಿ ಚಿತ್ತಾಪುರಕ್ಕ ಹೋಗ್ತೀನಪಾ. ಮನಿ ಮಂದೆಲ್ಲಾ ಉಪಾಸ ಇದ್ದು, ಗ್ವಾಡಿ ಹೊಟ್ಟಿತುಂಬ ಉಂಡು ಕುಂತ ಮನ್ಯಾಗ ನಾ ಹ್ಯಾಂಗ ಇರ್ಲಿ?"

೫. ಆಚಾರ್ಯರ ತೀರ್ಪು

ಮರುದಿನ ಬೆಳಿಗ್ಗೆ ದ್ವಾದಶಿಯ ಊಟಕ್ಕೆ ನಮ್ಮ ಪುರೋಹಿತರಾದ ಆಚಾರ್ಯರು ಬಂದರು. ನಮ್ಮ ಬಾವಿಯಲ್ಲೇ ಸ್ನಾನ ಮಾಡಿ, ಒದ್ದೆ ಮಡಿ ಉಟ್ಟು, ಬರಿ ಮೈಯಲ್ಲಿ ಪಡಸಾಲೆಗೆ ಬಂದು ಮಣೆಯ ಮೇಲೆ ಕೂತರು. ಅವ್ವನ ಚೀಲ ಬಾಗಿಲಲ್ಲಿ ಸಿದ್ಧವಾಗಿತ್ತು.

"ಅವ್ವಾರ, ಇಷ್ಟು ಲಗೂನ ಹೊಂಟೀರಿ?"

ಅವ್ವ ಗೋಡೆಯ ಕಥೆಯೆಲ್ಲ ಹೇಳಿದಳು. ಆಚಾರ್ಯರು ಕಣ್ಣು ಮುಚ್ಚಿ ಯೋಚಿಸಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಗಂಜಿಗೆ ಉಪ್ಪು ಹಾಕಿದ್ರೇನು?"

"ಗ್ವಾಡಿಗ್ಯಾರು ಉಪ್ಪು ಹಾಕ್ತಾರ್ರಿ ಆಚಾರ್ರ?" ಎಂದಳು ಹೆಂಡತಿ.

ಅವ್ವ ಒಮ್ಮೆಲೇ ಜಪಮಣಿಯನ್ನು ಜೋರಾಗಿ ಎಣಿಸತೊಡಗಿದಳು.

"ಉಪ್ಪಿಲ್ಲಂದ್ರ ಅದು ಅಡಗಿ ಅಲ್ಲ. ಬರೇ ಅಂಟು. ಮುಸುರಿ ಇಲ್ಲ, ಏನೂ ಇಲ್ಲ" ಎಂದು ತೀರ್ಪು ಕೊಟ್ಟು ಆಚಾರ್ಯರು ಊಟಕ್ಕೆ ಎದ್ದರು. ಏಳುವಾಗ ಚರ್ರೆಂದು ಸದ್ದಾಯಿತು.

ಯೋಚಿಸುವಷ್ಟು ಹೊತ್ತೂ ಅವರು ಗೋಡೆಗೇ ಒರಗಿದ್ದರು. ಒದ್ದೆ ಬೆನ್ನಿಗೆ ಅಂಟು ಕರಗಿ, ಹೆಗಲಿನಿಂದ ಸೊಂಟದವರೆಗೆ ಗುಲಾಬಿ ತೋಟವೇ ಅವರ ಜೊತೆ ಹೊರಟಿತ್ತು. ನಾನು ಕೀಳೋಣವೆಂದರೆ ಅವರು ಮಡಿಯಲ್ಲಿದ್ದಾರೆ, ನಾನು ಮುಟ್ಟುವಂತಿಲ್ಲ. ಅವ್ವ ಮಡಿಯಲ್ಲಿದ್ದಳು, ಆದರೆ ಪರಗಂಡಸಿನ ಬೆನ್ನು. ಕಾಗದ ಮುಸುರೆ ಎಂದರೆ ಆಚಾರ್ಯರು ಮತ್ತೆ ಸ್ನಾನ ಮಾಡಬೇಕು, ಅಷ್ಟರಲ್ಲಿ ದ್ವಾದಶಿಯ ಹೊತ್ತು ಮೀರುತ್ತದೆ. ಅಲ್ಲ ಎಂದು ಅವರೇ ಈಗಷ್ಟೇ ಹೇಳಿದ್ದರು. ಆಚಾರ್ಯರು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿಕೊಂಡರು. "ಇರ್ಲಿ ಬಿಡ್ರಿ, ಬಡಸ್ರಿ" ಎಂದು ಗುಲಾಬಿ ಸಮೇತ ಎಲೆಯ ಮುಂದೆ ಕೂತರು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು.

ಅವರು ಹೋದ ಮೇಲೆ ಗೋಡೆ ನೋಡಿದೆ. ನಡುವೆ ಮನುಷ್ಯನ ಬೆನ್ನಿನಷ್ಟು ಜಾಗದಲ್ಲಿ ಹಳೆಯ ಸುಣ್ಣ ಇಣುಕುತ್ತಿತ್ತು. ಇಷ್ಟು ಒದ್ದಾಡಿದ್ದು ವ್ಯರ್ಥ ಎಂದುಕೊಂಡು ಅವ್ವನನ್ನು ಬಸ್ಸಿಗೆ ಬಿಡಲು ಚೀಲ ಎತ್ತಿದೆ. ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗಿಟ್ಟಳು.

"ಹರಕ ಗ್ವಾಡಿ ಬಿಟ್ಟು ಎಲ್ಲಿಗೆ ಹೋಗ್ಲೋ? ಮೈದಾ ತಾ, ನಾನೇ ಗಂಜಿ ಕಾಸ್ತೀನಿ. ಇನ್ನ ಇಲ್ಲೇ ಇರ್ತೀನಿ."

ಅವ್ವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಸೊಸೆಗೆ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿದಳು.

"ಈ ಸಲ ಉಪ್ಪು ಹಾಕಂಗಿಲ್ಲ ತಗೊ."