ಹನ್ನೆರಡನೆಯ ಕೂಸು

ಅವ್ವನಿಗೆ ಹೇಳದೆ ಮೊದಲ ಬಸ್ಸು ಹತ್ತಿದ್ದೇ ನೀಲಕಂಠಸ್ವಾಮಿ ಅವತ್ತು ಮಾಡಿದ ಮೊದಲ ತಪ್ಪು. ಹೇಳಿದ್ದರೆ ಏನಾಗುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಗುರುಸಿದ್ದಮ್ಮ ಬುತ್ತಿ ಗಂಟು ಹಿಡಿದು ಹರದನಹಳ್ಳಿಯ ಗೇಟಿನ ತನಕ ಬರುತ್ತಿದ್ದಳು, ಬಸ್ಸನ್ನು ಕಾಯಿಸಿ ಮಗನ ಹಣೆಗೆ ವಿಭೂತಿ ಬಳಿಯುತ್ತಿದ್ದಳು, ಆಮೇಲೆ ಡ್ರೈವರನಿಗೆ, "ನೋಡಪ್ಪಾ, ನನ್ ಕೂಸ್ಗೆ ಕಿಟಕಿ ಗಾಳಿ ಆಗಕಿಲ್ಲ" ಎನ್ನುತ್ತಿದ್ದಳು. ಕೂಸಿಗೆ ಇಪ್ಪತ್ತೇಳು ವರ್ಷ. ಮೀಸೆ ಬಂದು ಒಂಬತ್ತು ವರ್ಷವಾಗಿತ್ತು.

ಈ ಕೂಸಿಗೆ ಮೈಸೂರಿನ ಒಂದು ಸಂಶೋಧನಾ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ. ಪುಟ್ಟ ಮಕ್ಕಳ ಮನಸ್ಸು ಎಂಥದು, ಅವು ತಾಯಿಗೆ ಎಷ್ಟು ಅಂಟಿಕೊಂಡಿರುತ್ತವೆ ಎಂದು ಅಳೆಯುವುದು. ಅಳೆಯುವ ಬಗೆ ಏನೂ ಕಷ್ಟದ್ದಲ್ಲ. ತಾಯಿ ಮಗುವನ್ನು ಬಿಟ್ಟು ಹೊರಗೆ ಹೋಗಬೇಕು. ಎಷ್ಟು ನಿಮಿಷಕ್ಕೆ ಅತ್ತಿತು, ತಾಯಿಯ ಹಿಂದೆ ಓಡಿತೇ, ಏನೆಂದು ಕೂಗಿತು ಅನ್ನುವುದನ್ನು ಕಚೇರಿಯ ಗಡಿಯಾರ ನೋಡಿ ಅಚ್ಚುಹಾಕಿದ ಕಾಗದದಲ್ಲಿ ತುಂಬಬೇಕು. ಗುಂಡ್ಲುಪೇಟೆ ತಾಲ್ಲೂಕಿಗೆ ಹನ್ನೆರಡು ಮಕ್ಕಳು. ಹನ್ನೊಂದು ಮುಗಿದಿದ್ದವು. ಇವತ್ತು ಸಂಜೆ ನಾಲ್ಕಕ್ಕೆ ದೊಡ್ಡ ಡಾಕ್ಟರು ಜೀಪಿನಲ್ಲಿ ಹಂಗಳಕ್ಕೇ ಬರುವವರಿದ್ದರು. ಹನ್ನೆರಡನ್ನೂ ಅವರ ಕೈಗಿಟ್ಟರೆ ಕೆಲಸ ಖಾಯಂ, ಅದೂ ಮೈಸೂರಿನಲ್ಲಿ.

ಮೈಸೂರೆಂದರೆ ನೀಲಕಂಠಸ್ವಾಮಿಗೆ ಸ್ವಂತದ್ದೊಂದು ಕೋಣೆ, ಅದಕ್ಕೊಂದು ಚಿಲಕ, ಆ ಚಿಲಕದಾಚೆ "ಉಂಡ್ಯಾ ಮಗಾ" ಎಂದು ಕೇಳುವವರು ಯಾರೂ ಇಲ್ಲದ ನೆಮ್ಮದಿ. ಅವ್ವ ಅವನಿಗೆ ಪ್ರಾಣವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರಾಣ ಅನ್ನುವುದು ಮೈಯೊಳಗಿರಬೇಕು, ಬಸ್ಸಿನ ಹಿಂದೆ ಓಡಿ ಬರಬಾರದು ನೋಡಿ.

ಹನ್ನೆರಡನೆಯ ಕೂಸು ಹಂಗಳದ ಮಂಗಮ್ಮನ ಮಗಳು ಮರಿತಾಯಮ್ಮ. ಎರಡೂವರೆ ವರ್ಷ. ಅಜ್ಜಿಯ ಹೆಸರಿನ ಜೊತೆಗೆ ಅಜ್ಜಿಯ ಗತ್ತೂ ಬಂದಿತ್ತು. ನೀಲಕಂಠಸ್ವಾಮಿ ಚೀಲವನ್ನು ಜಗುಲಿಯಲ್ಲಿಟ್ಟು, ಕಾಗದ, ಪೆನ್ಸಿಲು, ಗಡಿಯಾರ ಹಿಡಿದು ಒಳಗೆ ಕೂತ. ಮಂಗಮ್ಮ ಮುಂಬಾಗಿಲಿನಿಂದ ಹೊರಗೆ ಕಾಲಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಬಸಮ್ಮ ಹಿತ್ತಲಿನಿಂದ ನುಗ್ಗಿ ಬಂದು ಮಗುವನ್ನು ಸೊಂಟಕ್ಕೇರಿಸಿಕೊಂಡಳು.

"ಇಳಿಸಿ ಇಳಿಸಿ! ಅದು ಒಂಟಿಯಾಗಿರಬೇಕು" ಎಂದ ನೀಲಕಂಠಸ್ವಾಮಿ.

"ಒಂಟಿಯಾಗಾ? ಕೂಸ ಒಂಟಿಯಾಗ್ ಬುಡಕೆ ನಾವೇನ್ ಸತ್ತೋಗಿದ್ದೀವಾ?"

ಹೇಳಿ ಪ್ರಯೋಜನವಿಲ್ಲ. ಆ ಬೀದಿಯ ಪದ್ಧತಿಯೇ ಹಾಗೆ. ತಾಯಿ ಹೊಲಕ್ಕೆ ಹೋದರೆ ಹತ್ತಿರದ ಸೊಂಟ ಯಾವುದೋ ಅದೇ ತಾಯಿ. ಅವನು ವಿಜ್ಞಾನವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಮರಿತಾಯಮ್ಮ ಐದು ಸೊಂಟ ಸುತ್ತಿ, ಕೈಯಲ್ಲೊಂದು ಬೆಲ್ಲದ ಉಂಡೆ ಹಿಡಿದು ವಾಪಸು ಬಂದಿದ್ದಳು.

"ನೋಡಿ, ತಾಯಿ ಕಾಣದಿದ್ದಾಗ ಮಗು ಅಳಬೇಕು. ಅತ್ತರೇ ತಾನೆ ಅದಕ್ಕೆ ತಾಯಿ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತಾಗುವುದು?" ಎಂದುಬಿಟ್ಟ. ಇದು ಎರಡನೆಯ ತಪ್ಪು.

ಮಂಗಮ್ಮನ ಮುಖ ಸಪ್ಪಗಾಯಿತು. "ಅಂಗಾರೆ ಅಳ್ದೆ ಓದ್ರೆ ಕೂಸ್ಗೆ ನನ್ ಮ್ಯಾಲೆ ಪಿರೂತಿನೇ ಇಲ್ಲ ಅಂತ ಬರ್ಕತ್ತೀರಾ, ಸಾಮಿ?"

"ಬರ್ಕಂಡ್ರೆ ಬರ್ಕಳ್ಳಿ ಬುಡು. ನಿಮ್ಮತ್ತೆಗೆ ಗೊತ್ತಾದ್ರೆ ತಾನೆ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಸಮಾಧಾನ ಹೇಳಿದಳು ಚಿಕ್ಕಬಸಮ್ಮ.

ಎರಡನೆಯ ಸಲ ಅವನು ಹುಷಾರಾದ. ಎಲ್ಲರನ್ನೂ ಹೊರಗೆ ಕಳಿಸಿ, ಹಿತ್ತಲ ಬಾಗಿಲಿಗೆ ತಾನೇ ಅಗುಳಿ ಜಡಿದ. ಮಂಗಮ್ಮ ಹೋಗುವಾಗ ಮಗಳ ಗಲ್ಲ ಹಿಡಿದು, "ಅಳು ನನ್ನವ್ವ, ಒಂಚೂರ್ ಅತ್ತುಬುಡು, ಮಾನ ಉಳುಸು" ಎಂದು ಬೇಡಿಕೊಂಡಳು. ಮರಿತಾಯಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ನೀಲಕಂಠಸ್ವಾಮಿಯ ಕೈಯಿಂದ ಗಡಿಯಾರ ಕಿತ್ತುಕೊಂಡು ಕಿವಿಗಿಟ್ಟುಕೊಂಡಳು, ನಕ್ಕಳು. ಒಂದು ನಿಮಿಷವಾಯಿತು, ಎರಡಾಯಿತು. ಮೂರನೆಯ ನಿಮಿಷಕ್ಕೆ ಜೋರಾಗಿ ಅಳು ಕೇಳಿಸಿತು. ಹೊರಗಿನಿಂದ. ಅಳುತ್ತಿದ್ದವಳು ಮಂಗಮ್ಮ.

"ಒಂಬತ್ ತಿಂಗ್ಳು ಒತ್ನಲ್ಲಪ್ಪೋ!" ಎಂದು ಅವಳು ಶುರು ಮಾಡಿದರೆ ಚಿಕ್ಕಬಸಮ್ಮನೂ ಜೊತೆಗೂಡಿದಳು. ತಾಯಿ ಅತ್ತರೆ ತುಂಬಲು ಕಾಗದದಲ್ಲಿ ಜಾಗವೇ ಇರಲಿಲ್ಲ. ಅವಳನ್ನು ಸುಮ್ಮನಾಗಿಸೋಣವೆಂದು ನೀಲಕಂಠಸ್ವಾಮಿ ಕಾಗದ ಹಿಡಿದೇ ಹೊರಗೆ ಓಡಿದ. ಹಿಂದೆ ಬಾಗಿಲು ದಢ್ ಎಂದಿತು. ಅಗುಳಿ ಬಿದ್ದ ಸದ್ದೂ ಕೇಳಿಸಿತು.

ಒಳಗೆ ಮರಿತಾಯಮ್ಮ, ಬೆಲ್ಲ, ಕಚೇರಿಯ ಗಡಿಯಾರ. ಹೊರಗೆ ಇಡೀ ಬೀದಿ. ಒಬ್ಬರು ಹೆಂಚು ತೆಗೆಯೋಣ ಎಂದರು, ಇನ್ನೊಬ್ಬರು ಗುದ್ದಲಿ ತರುತ್ತೇನೆಂದು ಹೋದವರು ಬರಲೇ ಇಲ್ಲ. "ಬಾಗಿಲು ತೆಗಿ ಪುಟ್ಟಾ" ಎಂದು ಗೋಗರೆದಷ್ಟೂ ಒಳಗಿನಿಂದ ಕಿಲಕಿಲ ನಗು ಬರುತ್ತಿತ್ತು. ನೀಲಕಂಠಸ್ವಾಮಿ ಕೈಯಲ್ಲಿದ್ದ ಕಾಗದವನ್ನೂ, ಡಾಕ್ಟರಿಗೆ ಕೊಡಲೆಂದು ಚೀಲದಲ್ಲಿ ತಂದಿದ್ದ ಹನ್ನೊಂದನ್ನೂ ಜಗುಲಿಯ ಮೇಲಿಟ್ಟು ತಲೆಯ ಮೇಲೆ ಕೈಹೊತ್ತು ಕೂತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಅಷ್ಟು ಹೊತ್ತಿಗೆ ಜೀಪು ಬಂತು. ಅದರಿಂದ ಮೊದಲು ಇಳಿದದ್ದು ಡಾಕ್ಟರಲ್ಲ, ಬುತ್ತಿ ಗಂಟು. ಅದರ ಹಿಂದೆ ಗುರುಸಿದ್ದಮ್ಮ.

"ಉಣ್ದೇ ಓಡೋಗ್ಬುಟ್ಯಲ್ಲೋ ಮಗಾ!"

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಡಾಕ್ಟರು ಹಂಗಳದ ದಾರಿ ಕೇಳಿದ್ದರಂತೆ. ಬುತ್ತಿ ಹಿಡಿದು ಮಗನ ಹಿಂದೆಯೇ ಅಲ್ಲಿಗೆ ಬಂದಿದ್ದವಳು ದಾರಿ ತೋರಿಸುತ್ತೇನೆಂದು ಹತ್ತಿ ಕೂತಿದ್ದಳು. ಈಗ ಜಗುಲಿಯ ಮೇಲೆ ಗಂಟು ಬಿಚ್ಚಿ, ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ಮಗನ ಬಾಯಿಗೇ ಇಟ್ಟಳು. ಅವನು ನಾಚಿಕೆಯಿಂದ ಕುಗ್ಗಿದ. ಆದರೂ ಹಸಿವು ಹಸಿವೇ, ನಾಲ್ಕು ರೊಟ್ಟಿ ಇಳಿಯಿತು. ಅವಳು ಸೆರಗಿನಿಂದ ಮೀಸೆ ಒರೆಸುವುದನ್ನು ಡಾಕ್ಟರು ಬಹಳ ಆಸಕ್ತಿಯಿಂದ ನೋಡಿದರು.

"ಬಾಗಿಲ ಮುಂದೆ ಇಷ್ಟ್ ಜನ ಕುಂತು ಕಾಯ್ತಾ ಇದ್ರೆ ಅದ್ಯಾಕ್ ತಗದಾತು?" ಎಂದಳು ಗುರುಸಿದ್ದಮ್ಮ. "ಎಲ್ಲಾ ಓಯ್ತೀವಿ ಅನ್ನಿ."

ಎಲ್ಲರೂ, ಡಾಕ್ಟರೂ ಸೇರಿ, "ಓಯ್ತೀವಿ ಕಣಮ್ಮಿ" ಎಂದು ದಪದಪ ಹೆಜ್ಜೆ ಹಾಕಿ ಮೂಲೆಯಲ್ಲಿ ನಿಂತರು. ಬೀದಿ ನಿಶ್ಶಬ್ದವಾಯಿತು. ಅಗುಳಿ ಕಿರ್ರ್ ಎಂದಿತು. ಮರಿತಾಯಮ್ಮ ಹೊಸ್ತಿಲಲ್ಲಿ ನಿಂತು ಅತ್ತ ಇತ್ತ ನೋಡಿ, "ಅವ್ವಾ!" ಎಂದು ಸೂರು ಹಾರುವಂತೆ ಕಿರುಚಿ ಅತ್ತಳು.

"ಅತ್ಬುಟ್ಲು! ಬರ್ಕಳಿ ಸಾಮಿ, ಬರ್ಕಳಿ!" ಎಂದು ಮಂಗಮ್ಮ ಕುಣಿದಾಡಿದಳು.

ಏನೆಂದು ಬರೆಯುವುದು? ಗಡಿಯಾರ ಅಂಬಲಿ ಮಡಕೆಯಲ್ಲಿ ಸಿಕ್ಕಿತು, ಮೂರೂಕಾಲಿಗೆ ನಿಂತುಹೋಗಿತ್ತು.

"ಸಮಯ ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ" ಎಂದರು ಡಾಕ್ಟರು. "ರಾತ್ರಿ ಇಲ್ಲೇ ಇದ್ದು ನಾಳೆ ಇನ್ನೊಮ್ಮೆ ಮಾಡಿ. ನಾನು ಗುಂಡ್ಲುಪೇಟೆ ಬಂಗಲೆಯಲ್ಲಿರುತ್ತೇನೆ. ನಿಮ್ಮ ತಾಯಿಯನ್ನು ಬಸ್ಸಿಗೆ ಬಿಡುತ್ತೇನೆ."

ನೀಲಕಂಠಸ್ವಾಮಿಗೆ ಹೋದ ಜೀವ ಬಂತು. ಗುರುಸಿದ್ದಮ್ಮ ಗಂಟು ಕಟ್ಟಿ ಜೀಪು ಹತ್ತಿದಳು. ಜೀಪು ಹೊರಟಿತು. ಆಗ ಅವನ ಕಣ್ಣು ಜಗುಲಿಯ ಮೇಲೆ ಬಿತ್ತು. ಒಂದು ಕಾಗದವೂ ಇರಲಿಲ್ಲ. ಚಟ್ನಿ ಸೋರದಿರಲೆಂದು ಅವ್ವ ಹನ್ನೆರಡನ್ನೂ ಗಂಟಿಗೆ ಸುತ್ತಿದ್ದಳು! ಹೋದ ತಿಂಗಳು ಇಂಥದೇ ಕಾಗದಗಳನ್ನು ಒಲೆಗೆ ಹಾಕಿ ನೀರು ಕಾಸಿದವಳು ಅವಳು.

"ಅವ್ವಾ! ಅವ್ವೋ! ನಿಲ್ಲವ್ವಾ!" ಎಂದು ಓಡಿದ. ಚಪ್ಪಲಿ ಒಂದು ಕಡೆ ಹಾರಿತು, ಪಂಚೆ ಕಾಲಿಗೆ ತೊಡರಿತು. ಜೀಪಿನ ಧೂಳು ಕಣ್ಣಿಗೆ ನುಗ್ಗಿ ನೀರು ದಳದಳ ಸುರಿಯಿತು. ಜೀಪಿನ ಹಿಂಬದಿಯಿಂದ ಗುರುಸಿದ್ದಮ್ಮ ಕೈ ಬೀಸಿದಳು. "ಅಳ್ಬ್ಯಾಡ ಕಣ ಮಗಾ, ನಾಳೆ ಬತ್ತೀನಿ!" ಪಕ್ಕದಲ್ಲಿ ಡಾಕ್ಟರು ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಚಿಕ್ಕಬಸಮ್ಮನ ಸೊಂಟದ ಮೇಲಿಂದ ಮರಿತಾಯಮ್ಮ ಈ ದೊಡ್ಡ ಕೂಸನ್ನು ಕನಿಕರದಿಂದ ನೋಡಿದಳು.

ಮರುದಿನ ಬಂಗಲೆಗೆ ಹೋದರೆ ಡಾಕ್ಟರು, "ಇನ್ನು ಬೇಕಿಲ್ಲ, ಕಾಗದ ನಿಮ್ಮ ತಾಯಿಯ ಗಂಟಿನಲ್ಲಿದ್ದವು, ಹನ್ನೆರಡೂ ಸಿಕ್ಕಿದವು" ಎಂದು ಬೆನ್ನು ತಟ್ಟಿ ಕಳಿಸಿದರು. ವಾರ ಕಳೆದು ಹರದನಹಳ್ಳಿಗೆ ಲಕೋಟೆ ಬಂತು. ಕೆಲಸ ಖಾಯಂ! ಕೆಳಗೆ ಹನ್ನೆರಡನೆಯ ಕಾಗದದ ನಕಲಿತ್ತು, ಡಾಕ್ಟರ ಕೈಬರಹದಲ್ಲಿ: "ಹೆಸರು: ನೀಲಕಂಠಸ್ವಾಮಿ. ವಯಸ್ಸು: ಇಪ್ಪತ್ತೇಳು. ತಾಯಿ ಹೊರಟ ಅರ್ಧ ನಿಮಿಷಕ್ಕೆ ಹಿಂದೆ ಓಡಿತು. ಕೂಗಿದ್ದು: ಅವ್ವಾ. ಕಣ್ಣೀರು: ಹೇರಳ. ಈ ಹಂತದಲ್ಲಿ ತಾಯಿಯಿಂದ ಬೇರ್ಪಡಿಸುವುದು ಅಪಾಯ. ಆದ್ದರಿಂದ ಮೈಸೂರಿನ ಬದಲು ಚಾಮರಾಜನಗರದಲ್ಲೇ, ಮಧ್ಯಾಹ್ನ ಮನೆಗೆ ಊಟಕ್ಕೆ ಹೋಗಿಬರುವಷ್ಟು ಹತ್ತಿರದಲ್ಲಿ ನೇಮಿಸಲಾಗಿದೆ."

"ನಾನು ಓಡಿದ್ದು ಕಾಗದಕ್ಕೆ ಸಾರ್" ಎಂದು ಅವನು ಮೈಸೂರಿಗೆ ಪತ್ರ ಬರೆದ. ಒಂದೇ ಸಾಲಿನ ಉತ್ತರ ಬಂತು: "ದೊಡ್ಡ ಮಕ್ಕಳು ಹೀಗೆ ನೆಪ ಹೇಳುವುದು ಸಹಜ."

ಅದನ್ನೂ ಅವ್ವನಿಗೆ ಓದಿ ಹೇಳಬೇಕಾಯಿತು. ಗುರುಸಿದ್ದಮ್ಮ ಅವನ ತಟ್ಟೆಗೆ ಇನ್ನೊಂದು ಬಿಸಿ ಮುದ್ದೆ ಹಾಕಿ, ತುಪ್ಪ ಬಿಟ್ಟಳು.

"ಬೋ ಓದ್ಕಂಡಿರೋರು ಕಣ್ಲಾ ಆ ಡಾಕ್ಟ್ರು" ಎಂದಳು. "ಎಂಗ್ ಕಂಡಿಡುದ್ರು ನೋಡು."