ಲಾಡು ತಿಂದವರಿಗೆಲ್ಲ ಸಕ್ಕರೆ ಕಾಯಿಲೆ

ನಾನು ಬೆಳ್ತಂಗಡಿ ಕಡೆಯ ಒಂದು ಆರೋಗ್ಯ ಉಪಕೇಂದ್ರದ ನರ್ಸ್. ಕೆಲಸದ ಹೊತ್ತಲ್ಲಿ ನಗಬಾರದು ಅಂತ ಎಷ್ಟು ಗಟ್ಟಿ ಮನಸ್ಸು ಮಾಡಿದರೂ ನಮ್ಮ ಮೇಲಿನವರು ಬಿಡುವುದಿಲ್ಲ.

೧

ಮಲೆಕುಡಿಯ ಬುಡಕಟ್ಟಿನವರ ಕಾಲನಿಯಲ್ಲಿ ಬಿಪಿ, ಶುಗರ್ ಶಿಬಿರ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಮನೆಮನೆಗೆ ಹೇಳಿ ಬಂದವಳು ನಾನೇ. ಪಾಪ, ಏಳು ಗಂಟೆಗೇ ಬಂದು ಕೂತರು. ಉದ್ಘಾಟಕರ ಕಾರು ಹತ್ತಕ್ಕೆ ಮೂಡುಬಿದಿರೆಯಲ್ಲಿ ಉಂಟಂತೆ, ಹನ್ನೆರಡಕ್ಕೆ ಗುರುವಾಯನಕೆರೆಯಲ್ಲಿ ಉಂಟಂತೆ. ಬಂದದ್ದು ಒಂದು ಗಂಟೆಗೆ. ದೀಪ, ಭಾಷಣ, ಮತ್ತೆ ಫೋಟೋಕ್ಕೆ ಅಂತ ಎಲ್ಲರಿಗೂ ಲಾಡು.

"ಸರ್, ಮೊದಲು ರಕ್ತ ತೆಗೆಯುವ" ಅಂದೆ.

"ಹಸಿದವರಿಗೆ ಕೊಡುವುದಕ್ಕೂ ನಿಮ್ಮದೊಂದು ತಕರಾರಾ?" ಅಂತ ನಮ್ಮ ಆಫೀಸರು ಗದರಿದರು.

ಲಾಡು ಮುಗಿದ ಮೇಲೆ ಬೆರಳು ಚುಚ್ಚಿದೆವು. ಆಫೀಸರು ಮೈಕಿನಲ್ಲಿ ಬಹಳ ದುಃಖದಿಂದ ಹೇಳಿದರು, "ಇಡೀ ಕಾಲನಿಗೆ ಸಕ್ಕರೆ ಕಾಯಿಲೆ ಉಂಟು."

೨

ಮರುವಾರ ನಾನೇ ಹೋಗಿ ಖಾಲಿ ಹೊಟ್ಟೆಯಲ್ಲಿ ನೋಡಿದೆ. ಕಾಯಿಲೆ ಇದ್ದದ್ದು ಒಬ್ಬ ಅಜ್ಜಿಗೆ ಮಾತ್ರ. ಅವರ ಕಾಲಿನ ಹುಣ್ಣು ಎರಡು ತಿಂಗಳಿಂದ ಮಾಗಿರಲಿಲ್ಲ. ಹೀಗೇ ಬಿಟ್ಟರೆ ಕಾಲೇ ಹೋದೀತು ಅಂತ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಸಲಹೆ ಕೊಡುವ ಮೇಡಮ್ಮು ತಲೆ ಎತ್ತಲಿಲ್ಲ, ಕಾಲೂ ನೋಡಲಿಲ್ಲ. "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ" ಅಂದರು.

ಅಜ್ಜಿ ಯೋಚಿಸಿ ಕೇಳಿದರು, "ಬಸ್ಸಿಳಿದು ನಮ್ಮ ಮನೆಗೆ ಒಂದೂವರೆ ಗಂಟೆ ಗುಡ್ಡ ಹತ್ತಬೇಕು ಮಗಳೇ. ಅರ್ಧ ಗಂಟೆಗೆ ನಿಲ್ಲಿಸಿದರೆ ಉಳಿದ ದಾರಿಗೆ ಏನು ಮಾಡುವುದು?"

೩

ಅಜ್ಜಿಗೆ ಒಂದು ತಿಂಗಳ ಮಾತ್ರೆ ಸಿಕ್ಕಿತು. ವಾರ ಬಿಟ್ಟು ನೋಡಿದರೆ ಡಬ್ಬಿ ಖಾಲಿ, ಹುಣ್ಣು ಹಾಗೆಯೇ ಉಂಟು.

"ಮಾತ್ರೆ ಎಲ್ಲಿ ಅಜ್ಜಿ?"

"ಮನೆಗಿಷ್ಟು ಅಂತ ಹಂಚಿದೆ. ಜೇನು ತಂದರೂ ನಮ್ಮಲ್ಲಿ ಹಾಗೆಯೇ."

"ಅವರಿಗೆ ಕಾಯಿಲೆ ಇಲ್ಲ ಅಂತ ನಾನು ಹೇಳಿದ್ದೆನಲ್ಲ?"

"ನೀವು ಬಾಯಲ್ಲಿ ಹೇಳಿದ್ದು. ದೊಡ್ಡವರು ಮೈಕಿನಲ್ಲಿ ಹೇಳಿದ್ದಾರೆ. ಕಾಯಿಲೆ ಎಲ್ಲರಿಗೆ ಕೊಟ್ಟು ಮದ್ದು ಒಬ್ಬಳಿಗೆ ಕೊಟ್ಟರೆ ನಾನೊಬ್ಬಳೇ ಹೇಗೆ ತಿನ್ನಲಿ?"

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಪುಣ್ಯಕ್ಕೆ ತಿಂದವರಿಗೆ ಏನೂ ಆಗಿರಲಿಲ್ಲ. ಅಜ್ಜಿಗೆ ಇನ್ನೊಮ್ಮೆ ಮಾತ್ರೆ ಕೊಡಿಸಿ ಅಂತ ಆಫೀಸಿಗೆ ಓಡಿದೆ. ಆಫೀಸರು ಎಲ್ಲ ಕೇಳಿ, "ಹಾಗಾದರೆ ಎಲ್ಲ ಮನೆಗೂ ಮಾತ್ರೆ ಮುಟ್ಟಿತಾ?" ಅಂದರು.

"ಮುಟ್ಟಿತು ಸರ್. ಆದರೆ ಅಜ್ಜಿಯ ಕಾಲು..."

ಅವರ ಮುಖ ಅರಳಿತು.

"ಶಹಬ್ಬಾಸ್. ಇಡೀ ಕಾಲನಿಗೆ ಚಿಕಿತ್ಸೆ ಆಯಿತು ಅಂತ ಬರೆಯಿರಿ. ಮತ್ತೆ ಪುನಃ ಮಾತ್ರೆ ಯಾಕೆ ಮಾರಾಯ್ರೇ?"